ಸವತಿಯ ಟೈರಿಗೆ ಅಂಚಿನ ಪಟ್ಟಿ

ಬೀದಿ ತಿರುವಿನ ಹೊಲಿಗೆ ಅಂಗಡಿಯ ಟೈಲರಮ್ಮನಿಗೆ ಅಳಿಯ ಇರಲಿಲ್ಲ. ಮಗಳ ಗಂಡ ಇದ್ದ. ಅಳಿಯ ಅಲ್ಲ ಮಗಳ ಗಂಡ ಅಂತ ಲೋಕವೆಲ್ಲ ನಗೆಗೆ ಆಡುವ ಮಾತನ್ನು ಈಕೆ ಒಂದಿಷ್ಟೂ ನಗದೆ ಆಡುತ್ತಿದ್ದಳು. ಅಳತೆ ಕೊಡಲು ಬಂದ ಗಿರಾಕಿಗಳು ಒಳಕೋಣೆಯತ್ತ ಕತ್ತು ಚಾಚಿ, "ಯಾರಮ್ಮ ಅದು, ಅಳಿಯಂದ್ರಾ?" ಅಂತ ಕೇಳಿದರೆ, ಅವರ ಸೊಂಟಕ್ಕೆ ಟೇಪು ಸುತ್ತುತ್ತಲೇ "ಮಗಳ ಗಂಡ" ಅನ್ನುವಳು. ಅಷ್ಟು ಹೇಳಿ ಟೇಪನ್ನು ತುಸು ಬಿಗಿಯಾಗಿಯೇ ಎಳೆಯುವಳು. ಕೇಳಿದವರು ಉಸಿರು ಹಿಡಿದು ಸುಮ್ಮನಾಗುವರು.

ಹಾಗಂತ ಟೈಲರಮ್ಮ ಕೆಟ್ಟವಳೇನಲ್ಲ. ಮಗಳು ಆಸ್ಪತ್ರೆಯಲ್ಲಿ ನರ್ಸು. ತಾನೇ ಹುಡುಗನನ್ನು ನೋಡಿ, ತಾನೇ ಒಪ್ಪಿ, ದಿನವನ್ನೂ ತಾನೇ ಗೊತ್ತು ಮಾಡಿಕೊಂಡು, ಆಮೇಲೆ ಬಂದು "ಅಮ್ಮಾ, ಒಂದು ವಿಷಯ" ಅಂದಿದ್ದಳು. ಊರವರಿಗೆಲ್ಲ ಮದುವೆ ಬಟ್ಟೆ ಹೊಲಿದುಕೊಟ್ಟವಳಿಗೆ ಸ್ವಂತ ಮಗಳ ಮದುವೆಯ ಸುದ್ದಿ ಎಲ್ಲರಿಗಿಂತ ಕೊನೆಗೆ ಸಿಕ್ಕಿತು ನೋಡಿ, ಆ ಮುಳ್ಳು ಒಳಗೇ ಉಳಿಯಿತು. ಅದರ ಮೇಲೆ, ಹುಡುಗ ಕೆಲಸಕ್ಕಿದ್ದ ಮೋಟರು ವೈಂಡಿಂಗ್ ಅಂಗಡಿ ಮದುವೆಯ ಬೆನ್ನಿಗೇ ಬಾಗಿಲು ಹಾಕಿತು. ಸುಟ್ಟುಹೋದ ಪಂಪು, ಫ್ಯಾನುಗಳ ಮೋಟರಿಗೆ ಹೊಸದಾಗಿ ತಾಮ್ರದ ತಂತಿ ಸುತ್ತುವುದು ಅವನ ಕಸುಬು. ಬೀದಿಯವರು ಅವನನ್ನು ಕರೆಯುವುದೇ ವೈಂಡಿಂಗು ಅಂತ. ಕೆಲಸ ಹೋದ ಮೇಲೆ ಗಂಡ ಹೆಂಡತಿ ಇಬ್ಬರೂ ಪೆಟ್ಟಿಗೆ ಎತ್ತಿಕೊಂಡು ಟೈಲರಮ್ಮನ ಒಳಕೋಣೆಗೆ ಬಂದರು. ಮನೆ ಅಳಿಯ ಅಂತ ಜನ ಬೆನ್ನ ಹಿಂದೆ ನಕ್ಕರು. ಆ ನಗು ಅವನ ಕಿವಿಗೂ ಬಿದ್ದಿತ್ತು.

ಅತ್ತೆಗೂ ಅವನಿಗೂ ಒಂದು ದಿನವಾದರೂ ಜಗಳವಾಗಲಿಲ್ಲ. ಆಗಿದ್ದರೆ ಚೆನ್ನಾಗಿತ್ತು. ಜಗಳವಾಡಬೇಕಾದರೆ ಮಾತಾದರೂ ಆಡಬೇಕಲ್ಲ! ಅವನು ಎರಡು ಮಾರು ದೂರದಲ್ಲಿ ಕೂತಿದ್ದರೂ ಟೈಲರಮ್ಮ ಮಗಳ ಕಡೆ ತಿರುಗಿ, "ಊಟಕ್ಕೆ ಬರ್ಬಹುದಂತೆ ಅಂತ ಹೇಳೇ" ಅನ್ನುವಳು. "ಆಮೇಲೆ ಮಾಡ್ತೀನಿ ಅತ್ತೆ" ಅಂತ ಅವನು ನೇರವಾಗಿಯೇ ಹೇಳಿದರೆ, "ಆಮೇಲಂತೆ" ಅಂತ ಮಗಳಿಗೆ ವರದಿ ಒಪ್ಪಿಸುವಳು. "ನನಗೂ ಕಿವಿ ಇದೆ ಕಣಮ್ಮ" ಅಂತ ಮಗಳು ರೇಗುವಳು. ಅವನೋ, ವಿನಯದ ಮುದ್ದೆ. ಸಾರಿಗೆ ಉಪ್ಪು ಸುರಿದಿದ್ದರೂ "ಚೆನ್ನಾಗಿದೆ ಅತ್ತೆ" ಅಂತ ತಟ್ಟೆ ಬಳಿದು ತಿನ್ನುವನು. ಅದನ್ನು ಕಂಡರೆ ಟೈಲರಮ್ಮನಿಗೆ ಇನ್ನೂ ಉರಿಯುತ್ತಿತ್ತು. ಮನೆಯವರಾದರೆ ಉಪ್ಪು ಜಾಸ್ತಿ ಅಂತ ತಟ್ಟೆ ತಳ್ಳುತ್ತಾರೆ. ಚೆನ್ನಾಗಿದೆ ಅನ್ನುವವರು ನೆಂಟರು.

ಇಂಥ ಮನೆಗೆ ಆ ಟ್ರಕ್ಕು ಬಂತು.

ಪೇಟೆಯಲ್ಲಿ ರಿಮೋಟಿನ ಕಾರು, ದೋಣಿ, ವಿಮಾನಗಳನ್ನು ಮಾರುವ, ರಿಪೇರಿ ಮಾಡುವ ಅಂಗಡಿಯೊಂದಿದೆ. ಅದರ ಯಜಮಾನರಿಗೆ ತುಟಿ ಮುಚ್ಚುವಷ್ಟು ದೊಡ್ಡ ಮೀಸೆ. ಎಲ್ಲರಿಗೂ ಅವರು ಮೀಸೆಯವರು. ವಯಸ್ಸಾಗಿ ಬೆರಳ ಗೆಣ್ಣುಗಳು ಮಡಚದಂತಾಗಿ, ರಿಪೇರಿ ಬೆಂಚಿಗೆ ಒಂದು ಒಳ್ಳೆಯ ಕೈ ಹುಡುಕುತ್ತಿದ್ದರು. ವೈಂಡಿಂಗು ಹೋಗಿ ಕೇಳಿದ. ಅವರು ಮೂಲೆಯಲ್ಲಿ ಧೂಳು ತಿನ್ನುತ್ತ ಬಿದ್ದಿದ್ದ ರಿಮೋಟಿನ ಟ್ರಕ್ಕೊಂದನ್ನು ಎತ್ತಿ ಅವನ ಕೈಗಿಟ್ಟರು. ಒಂದು ಮೊಳ ಉದ್ದ, ಮೈಗಿಂತ ಚಕ್ರವೇ ದೊಡ್ಡದು, ಕಲ್ಲುಮಣ್ಣಿನ ಮೇಲೆ ಕುಪ್ಪಳಿಸಲೆಂದು ಮಾಡಿದ್ದು.

"ಇದು ಈಗ ಗಂಟೆಗೆ ನಲವತ್ತು ಹೋದ್ರೆ ಹೆಚ್ಚು" ಅಂದರು. "ನೂರು ಓಡ್ಸಿ ತೋರ್ಸು. ಓಡಿದ ಮೇಲೆ ಇಡಿಯಾಗಿ ವಾಪಸ್ ಬರ್ಬೇಕು. ಸ್ಪೀಡಿನ ಸಾಮಾನು ಕೊಂಡು ತಂದು ಕೂರ್ಸೋ ಹಾಗಿಲ್ಲ, ಅದನ್ನ ಗಿರಾಕೀನೇ ಮಾಡ್ಕೋತಾನೆ. ತಿಂಗಳ ಕೊನೇ ಭಾನುವಾರ ನೋಡ್ತೀನಿ. ನೂರು ಬಂದ್ರೆ ಬೆಂಚು ನಿಂದು."

ಬರದಿದ್ದರೆ ಗೋದಾಮಿನಲ್ಲಿ ಮೂಟೆ ಎಣಿಸುವ ಕೆಲಸವೊಂದು ಕಾದಿತ್ತು. ಕೂದಲೆಳೆಯಂಥ ತಂತಿಯನ್ನು ಒಂದಕ್ಕೊಂದು ತಾಗದಂತೆ ಸುತ್ತುವ ಕೈಗೆ ಅದು ಕೆಲಸವಲ್ಲ, ಶಿಕ್ಷೆ. ಆ ಬೆಂಚು ತನಗೆ ಎಷ್ಟು ಬೇಕು ಅಂತ ಅವನು ಯಾರಿಗೂ ಹೇಳಲಿಲ್ಲ. ಆದರೆ ಟ್ರಕ್ಕನ್ನು ಮನೆಗೆ ತಂದ ದಿನ ಅವನು ಸಿಳ್ಳೆ ಹಾಕಿದ್ದನ್ನು ಟೈಲರಮ್ಮ ಕೇಳಿದಳು. ಅವನಿಗೆ ಸಿಳ್ಳೆ ಬರುತ್ತದೆ ಅಂತ ಆಕೆಗೆ ಗೊತ್ತಾದದ್ದೇ ಅವತ್ತು.

ಒಳಕೋಣೆಯ ಕಿಟಕಿಗೆ ಮೇಜು ಎಳೆದುಕೊಂಡು ಅವನು ಕೂತ. ಮೊದಲು ಮೋಟರು ಬಿಚ್ಚಿ, ಹಳೆಯ ತಂತಿ ಕಿತ್ತು, ದಪ್ಪ ತಂತಿಯನ್ನು ಕಡಿಮೆ ಸುತ್ತು ಸುತ್ತಿದ. ಸುತ್ತು ಕಡಿಮೆಯಾದಷ್ಟೂ ಮೋಟರು ಜೋರಾಗಿ ತಿರುಗುತ್ತದಂತೆ. ಗುಜರಿಯಿಂದ ಆಯ್ದು ತಂದ ದೊಡ್ಡ ಗೇರನ್ನು ಅದಕ್ಕೆ ಕೂರಿಸಿದ. ಎರಡು ಗೇರಿನ ಹಲ್ಲುಗಳ ನಡುವೆ ತೆಳು ಕಾಗದದ ಚೂರಿಟ್ಟು ಬಿಗಿದು, ಆಮೇಲೆ ಗೇರು ತಿರುಗಿಸಿ ಕಾಗದವನ್ನು ಹೊರಗೆ ತೆಗೆದ. ಅಷ್ಟೇ ಸಂದು ಸಾಕು. ಸ್ಪ್ರಿಂಗುಗಳನ್ನು ಗಿಡ್ಡ ಮಾಡಿ ಟ್ರಕ್ಕಿನ ಹೊಟ್ಟೆ ನೆಲಕ್ಕೆ ತಾಗಿಯೂ ತಾಗದಂತೆ ಇಳಿಸಿದ. ಕೆಳಗಡೆ ಗಾಳಿ ನುಗ್ಗಿದರೆ ಎತ್ತಿ ಒಗೆಯುತ್ತದೆ ಅಂತ ಮೂತಿಯನ್ನು ಕೆಳಕ್ಕೆ ಬಾಗಿಸಿ, ಮುಂದೆ ಸೀಸದ ತುಂಡು ಕಟ್ಟಿದ. ಮಗಳು ರಾತ್ರಿ ಪಾಳಿ ಮುಗಿಸಿ ಬೆಳಗ್ಗೆ ಬಂದರೆ, ಗಂಡನ ತೊಡೆಯ ಮೇಲೆ ಟ್ರಕ್ಕು.

"ಅಮ್ಮಾ, ಮದುವೆಯಾಗಿ ವರ್ಷ ತುಂಬಿಲ್ಲ, ಆಗ್ಲೇ ಸವತಿ ತಂದಿದಾರೆ ನೋಡು" ಅಂದಳು. ಅಂದಿನಿಂದ ಟ್ರಕ್ಕಿನ ಹೆಸರು ಸವತಿ.

"ಹೊಟ್ಟೆಗೆ ಹಿಟ್ಟಿಲ್ಲದಿದ್ರೂ ಜುಟ್ಟಿಗೆ ಮಲ್ಲಿಗೆ ಹೂವು" ಅಂತ ಟೈಲರಮ್ಮ ಗೋಡೆಗೆ ಹೇಳಿದಳು. ಬಾಯಲ್ಲಿ ಹಾಗಂದರೂ ಕಣ್ಣು ಮಾತ್ರ ಆ ಮೇಜಿನ ಕಡೆಗೇ ಹೋಗುತ್ತಿತ್ತು. ಅವನು ತಂತಿ ಸುತ್ತುವುದನ್ನು ಆಕೆ ಗುಂಡಿ ಹೊಲಿಯುವ ನೆಪದಲ್ಲಿ ಬಾಗಿಲಲ್ಲಿ ಕೂತು ನೋಡಿದಳು. ಕೈ ಚೊಕ್ಕವಾಗಿತ್ತು. ಚೊಕ್ಕ ಕೈ ಕಂಡರೆ ಟೈಲರಮ್ಮನಿಗೆ ಸುಮ್ಮನಿರಲು ಆಗುವುದಿಲ್ಲ, ಅದು ಆಕೆಯ ಹಳೆಯ ಕಾಯಿಲೆ.

ಎಲ್ಲ ಸರಿಹೋಯಿತು, ಟೈರೊಂದು ಬಿಟ್ಟು. ಮೆತ್ತನೆಯ ರಬ್ಬರಿನ ಟೈರು. ವೇಗ ಏರಿದರೆ ಉಬ್ಬಿ, ಅಗಲ ಹೋಗಿ ಎತ್ತರವಾಗಿ, ಅಲಗಿನಂತೆ ತೆಳ್ಳಗಾಗಿ ನಿಲ್ಲುತ್ತದೆ. ಆಮೇಲೆ ಟ್ರಕ್ಕು ನೆಟ್ಟಗೆ ಓಡುವುದುಂಟೇ! ಒಳಗಡೆ ಗಟ್ಟಿ ಬಟ್ಟೆಯ ಪಟ್ಟಿ ಅಂಟಿಸಿ ಉಬ್ಬದಂತೆ ಹಿಡಿಯಬೇಕು ಅಂತ ವೈಂಡಿಂಗಿಗೆ ಗೊತ್ತಿತ್ತು. ಒಂದು ಮಧ್ಯಾಹ್ನ, ಮಗಳು ಮನೆಯಲ್ಲಿ ಇಲ್ಲದಾಗ, ಬಾಗಿಲಿಗೆ ಬಂದು ನಿಂತ.

"ಅತ್ತೆ, ಚೀಲ ಹೊಲಿಯೋ ಗಟ್ಟಿ ಬಟ್ಟೆ ಚೂರು ಏನಾದ್ರೂ ಇದ್ರೆ... ಈ ಟೈರೊಳಗೆ ಅಂಟಿಸ್ಬೇಕಿತ್ತು."

ಟೈಲರಮ್ಮ ಟೈರನ್ನು ಇಸಿದುಕೊಂಡು, ಅಂಗಿ ತೋಳು ತಿರುಗಿಸುವ ಹಾಗೆ ಒಳಗು ಹೊರಗು ಮಾಡಿ ನೋಡಿದಳು. "ಬರೀ ಅಂಟು ಸಾಲಲ್ಲ, ಜೋಡಣೆಗೆ ಹೊಲಿಗೆ ಬೇಕು. ನಾಲ್ಕೂ ಇಲ್ಲಿಟ್ಟು ಹೋಗೋಕೆ ಹೇಳು" ಅಂದಳು. ಹೇಳಲು ಮಗಳು ಎಲ್ಲಿದ್ದಳು? ಮಾತು ಹೊಲಿಗೆ ಮಿಷನ್ನಿಗೆ ಹೋಗಿ ತಾಗಿತು. ಅವನು ನಗು ನುಂಗಿಕೊಂಡು ನಾಲ್ಕು ಟೈರನ್ನೂ ಇಟ್ಟು ಹೋದ.

ಕೆಲಸಕ್ಕೆ ಕೂತರೆ ಟೈಲರಮ್ಮನಿಗೆ ಲೋಕವೇ ಬೇಡ. ಅಂಗಿಯ ಕೊರಳಿಗಾಗಲಿ, ತೋಳಿನ ಬಾಯಿಗಾಗಲಿ, ದುಂಡಗಿರುವ ಯಾವುದಕ್ಕೇ ಆಗಲಿ, ಬಟ್ಟೆಯನ್ನು ಮೂಲೆಯಿಂದ ಮೂಲೆಗೆ ಓರೆಯಾಗಿ ಕತ್ತರಿಸಿದ ಕ್ರಾಸ್ ಪಟ್ಟಿಯೇ ಆಗಬೇಕು. ಅದು ಬಾಗಿದ ಕಡೆ ಬಾಗುತ್ತದೆ, ನೆರಿಗೆ ಬೀಳುವುದಿಲ್ಲ. ಆಕೆ ಯೋಚಿಸಲೂ ಇಲ್ಲ, ಕತ್ತರಿ ತಾನೇ ಓರೆಗೆ ಹೋಯಿತು. ನಾಲ್ಕು ಟೈರಿಗೂ ಪಟ್ಟಿ ಕೂತಾಗ ಒಂದು ಸುಕ್ಕಿಲ್ಲ. ಬೆರಳಾಡಿಸಿ ನೋಡಿ ಆಕೆಗೇ ಹೆಮ್ಮೆಯಾಯಿತು. ಅವನು ಬಂದು ನೋಡಿ, "ಅಬ್ಬಾ, ಏನು ಕೆಲಸ ಅತ್ತೆ!" ಅಂದ. ಈ ಸಲ ಆ ಮಾತು ಉಪ್ಪಿನ ಸಾರಿನದಾಗಿರಲಿಲ್ಲ. ಅವತ್ತು ಸಂಜೆ ಅವನ ಲೋಟದಲ್ಲಿ ಟೀ ಅಂಚಿನವರೆಗೆ ತುಂಬಿತ್ತು.

ಆ ಕೊನೆಯ ಭಾನುವಾರಕ್ಕೆ ಮೊದಲಿನ ಬುಧವಾರ ಮೀಸೆಯವರ ಎದುರಿಗೇ ಒಂದು ಸಲ ಓಡಿಸಿ ನೋಡುವುದಿತ್ತು. ಗೋದಾಮುಗಳ ಹಿಂದಿನ ನೆಟ್ಟನೆಯ ಖಾಲಿ ರಸ್ತೆ. ಮಗಳು ಜೊತೆಗೆ ಹೋದಳು, ಫೋನಿನಲ್ಲಿ ವಿಡಿಯೊ ಹಿಡಿಯಲು. ಟೈಲರಮ್ಮನಿಗೆ ಅಂಗಡಿ ಬಿಟ್ಟು ಹೋಗಲಾಗಲಿಲ್ಲ. ಮಿಷನ್ನು ತುಳಿಯುತ್ತಿದ್ದಳು ಅಷ್ಟೇ, ಕಿವಿ ಬಾಗಿಲಲ್ಲಿತ್ತು.

ಅವರು ಬಂದಾಗ ಟ್ರಕ್ಕು ಅವನ ಕೈಯಲ್ಲಿರಲಿಲ್ಲ, ಚೀಲದಲ್ಲಿತ್ತು. ಅವನು ಯಾರ ಮುಖವನ್ನೂ ನೋಡದೆ ಒಳಕೋಣೆಗೆ ಹೋಗಿ ಬಾಗಿಲು ಎಳೆದುಕೊಂಡ.

"ಎಂಬತ್ತರ ತನಕ ಬಾಣದ ಹಾಗೆ ಹೋಯ್ತಮ್ಮ" ಅಂದಳು ಮಗಳು. ದನಿ ಸಣ್ಣಗಾಗಿತ್ತು. "ಆಮೇಲೆ ಎಗರಿ ಪಲ್ಟಿ ಹೊಡೀತು. ಮುಂದಿನ ಚಕ್ರ ಹಿಡಿಯೋ ಕಾಲು ಎರಡೂ ಮುರ್ದಿದೆ. ಏನಾಯ್ತೋ ಅಂತ ಮೀಸೆಯವ್ರು ಕೇಳಿದ್ರೆ ಇವ್ರು, ರಿಮೋಟಿನ ಟ್ರಿಗರ್ ತಟ್ಟನೆ ಬಿಟ್ಬಿಟ್ಟೆ, ನನ್ನ ಕೈದೇ ತಪ್ಪು ಅಂದ್ರು. ಅದಕ್ಕೆ ಅವ್ರು, ಸಾಮಾನು ಕೆಟ್ರೆ ಸರಿ ಮಾಡ್ಬಹುದು, ಕೈಯೇ ಕೆಟ್ಟಿದ್ರೆ ಬೆಂಚು ಯಾಕೆ, ಭಾನುವಾರ ಬರೋದು ಬೇಡ ಅಂದ್ಬಿಟ್ರು."

ಮಿಷನ್ನು ತುಳಿಯುತ್ತಿದ್ದ ಟೈಲರಮ್ಮನ ಕಾಲು ನಿಂತಿತು. ಆದರೂ ಬಾಯಿ ಬಿಡಬೇಕಲ್ಲ: "ಕುಣಿಯಲಾರದೋಳು ನೆಲ ಡೊಂಕು ಅಂದ್ಲಂತೆ. ಇವನು ಹಾಗಾದ್ರೂ ಅನ್ಲಿಲ್ಲವಲ್ಲ" ಅಂದಳು. ಅದು ಹೊಗಳಿಕೆ. ಮಗಳಿಗೆ ಅರ್ಥವಾಯಿತೋ ಇಲ್ಲವೋ.

ಮಾರನೆಯ ಬೆಳಗ್ಗೆ ಅವನು ಗೋದಾಮಿನ ಕೆಲಸ ಕೇಳಲು ಹೋದ. ಮಗಳು ಪಾಳಿ ಮುಗಿಸಿ ಬಂದು ನಡುಮನೆಯಲ್ಲಿ ಮಲಗಿದ್ದಳು. ಟೈಲರಮ್ಮ ಅವಳ ಫೋನು ತೆಗೆದು ಆ ವಿಡಿಯೊ ನೋಡಿದಳು. ಟ್ರಕ್ಕು ಸೊಂಯ್ಯೆಂದು ಬರುತ್ತದೆ, ಎಗರುತ್ತದೆ. ಇನ್ನೊಮ್ಮೆ ನೋಡಿದಳು. ಮೂರನೆಯ ಸಲ ನಿಧಾನಕ್ಕೆ ಓಡಿಸಿ ನೋಡಿದಾಗ ಆಕೆಯ ಕಣ್ಣು ಟೈರಿನ ಮೇಲೆ ನಿಂತಿತು. ಮುಂದಿನ ಟೈರು ಫ್ರಾಕಿನ ಪಫ್ ತೋಳಿನ ಹಾಗೆ ಮೆಲ್ಲಗೆ ಉಬ್ಬಿ ಏರುತ್ತಿತ್ತು. ಎಗರಿದ್ದು ಆಮೇಲೆ.

ಪಟ್ಟಿ ಹಾಕಿದ ಮೇಲೂ ಉಬ್ಬುವುದೆಂದರೇನು? ಹೊಲಿಗೆ ಬಿಟ್ಟಿತೇ? ಟೈಲರಮ್ಮನ ಹೊಲಿಗೆ ಬಿಡುವುದುಂಟೇ?

ಒಳಕೋಣೆಯ ಮೇಜಿನ ಮೇಲೆ ಸವತಿ ಕಾಲು ಮುರಿದುಕೊಂಡು ಬಿದ್ದಿತ್ತು. ಪಕ್ಕದಲ್ಲಿ ಸೀಳಿದ ಟೈರು. ಅದರೊಳಗಿನ ಪಟ್ಟಿಯನ್ನು ಯಾರೋ ಬ್ಲೇಡಿನಿಂದ ನಾಜೂಕಾಗಿ ಬಿಡಿಸಿ, ಚಪ್ಪಟೆಯಾಗಿ ಹಾಸಿ, ಬಟ್ಟೆಯ ಎಳೆ ಯಾವ ಕಡೆ ಹೋಗಿದೆ ಅಂತ ಪೆನ್ಸಿಲಿನಲ್ಲಿ ಓರೆ ಗೆರೆ ಎಳೆದಿದ್ದರು. ಟೈಲರಮ್ಮ ಪಟ್ಟಿಯ ಎರಡು ತುದಿ ಹಿಡಿದು ಎಳೆದಳು. ಹೊಲಿಗೆ ಗಟ್ಟಿಯಾಗಿಯೇ ಇತ್ತು. ಬಟ್ಟೆ ಮಾತ್ರ ರಬ್ಬರಿನ ಹಾಗೆ ಉದ್ದವಾಯಿತು.

ಕ್ರಾಸ್ ಪಟ್ಟಿ! ಎಳೆದರೆ ಹಿಗ್ಗುತ್ತದೆ ಅಂತಲೇ ತಾನೆ ಅದನ್ನು ಕೊರಳಿಗೆ ಹಾಕುವುದು? ಹಿಗ್ಗಲೇಬಾರದ ಜಾಗಕ್ಕೆ ಹಿಗ್ಗುವ ಪಟ್ಟಿ ಇಟ್ಟು, ಸುಕ್ಕಿಲ್ಲ ಅಂತ ಹೆಮ್ಮೆ ಪಟ್ಟಿದ್ದಳಲ್ಲ! ಮೊದಲ ವರ್ಷ ಹೊಲಿಗೆ ಕಲಿಯುವ ಹುಡುಗಿಗೂ ಗೊತ್ತಿರುವ ವಿಷಯ. ಟೈಲರಮ್ಮ ಅಲ್ಲೇ ಸ್ಟೂಲಿನ ಮೇಲೆ ಕೂತಳು.

ಅದಕ್ಕಿಂತ ಚುಚ್ಚಿದ್ದು ಆ ಪೆನ್ಸಿಲ್ ಗೆರೆ. ಅವನಿಗೆ ಗೊತ್ತಿತ್ತು. ತಪ್ಪು ಅವನ ಕೈಯದಲ್ಲ, ಅತ್ತೆಯ ಕತ್ತರಿಯದು ಅಂತ ಗೊತ್ತಿದ್ದೂ ಎಲ್ಲವನ್ನೂ ಹೊಟ್ಟೆಗೆ ಹಾಕಿಕೊಂಡು ಬಂದಿದ್ದ, ಬೆಂಚನ್ನೇ ಕಳೆದುಕೊಂಡು ಬಂದಿದ್ದ.

ಈಗ ಒಂದು ಮಾತು ಹೇಳಬೇಕು. ಟೈಲರಮ್ಮನ ಅಂಗಡಿಯಲ್ಲಿ ಬಟ್ಟೆ ಬಿಗಿಯಾದರೆ ಗಿರಾಕಿ ದಪ್ಪಗಾಗಿರುತ್ತಾರೆ, ಸಡಿಲವಾದರೆ ಸೊರಗಿರುತ್ತಾರೆ. ಕಟಿಂಗು ತಪ್ಪಿದ್ದು ಅಂತ ಇಲ್ಲವೇ ಇಲ್ಲ. ನನ್ನ ತಪ್ಪು ಅನ್ನುವ ಮಾತು ಆಕೆಯ ಬಾಯಿಂದ ಬಿದ್ದದ್ದನ್ನು ಕೇಳಿದವರು ಆ ಬೀದಿಯಲ್ಲಿ ಯಾರೂ ಇಲ್ಲ. ಅಂಥವಳು ಅವತ್ತು ನಡು ಬೆಳಗ್ಗೆ ಅಂಗಡಿಯ ಬಾಗಿಲು ಎಳೆದು, ಪಟ್ಟಿಯನ್ನು ಚೀಲದಲ್ಲಿ ಹಾಕಿಕೊಂಡು, ಮೀಸೆಯವರ ಅಂಗಡಿಗೆ ಹೋದಳು.

"ಟ್ರಿಗರಿಂದ ಅಲ್ಲ ಅದು ಪಲ್ಟಿ ಹೊಡೆದದ್ದು" ಅಂದಳು, ಕೂರಿ ಅನ್ನುವ ಮೊದಲೇ. "ಟೈರ್ ಉಬ್ಬಿ. ಪಟ್ಟಿ ಕತ್ತರಿಸಿದ್ದು ನಾನು. ನನ್ನ..." ಕೆಮ್ಮಿ ಉಳಿದ ಮಾತನ್ನು ಹೊರಗೆ ತಂದಳು. "ನನ್ನ ತಪ್ಪು."

"ಆ ಹುಡುಗ ನಿಮಗೇನಾಗ್ಬೇಕು?"

"ಮಗಳ ಗಂಡ."

"ಅವನನ್ನ ಉಳಿಸೋಕೆ ಹೇಳ್ತಿದೀರಾ?"

ಟೈಲರಮ್ಮ ಪಟ್ಟಿ ತೆಗೆದು ಅವರ ಮೂಗಿನ ಕೆಳಗೆ ಎಳೆದು ತೋರಿಸಿದಳು. ಪಟ್ಟಿ ಹಿಗ್ಗಿತು. ಚೀಲದಿಂದ ಅದೇ ಬಟ್ಟೆಯ ನೇರ ಚೂರು ತೆಗೆದು ಎಳೆದಳು. ಅದು ಜಪ್ಪಯ್ಯ ಅನ್ನಲಿಲ್ಲ. ಮೀಸೆಯವರು ಎರಡನ್ನೂ ತಾವೇ ಎಳೆದು ನೋಡಿ, ಮೀಸೆ ತಿರುವಿದರು.

"ಇದು ಇನ್ನೂ ಕೆಟ್ಟದಾಯ್ತಲ್ಲಮ್ಮ" ಅಂದರು. "ಕೈ ತಪ್ಪಿದ್ರೆ ಕಲಿಸ್ಬಹುದಿತ್ತು. ಇವನು ಸುಳ್ಳು ಹೇಳ್ದ. ನಾಳೆ ನನ್ನ ಬೆಂಚಲ್ಲಿ ಕೂತು ಗಿರಾಕಿ ಹತ್ರ ಹೀಗೇ ಮುಚ್ಚಿಟ್ರೆ? ಏನು ಕೆಟ್ಟಿದೆಯೋ ಅದನ್ನ ಎದುರಿಗೇ ಹೇಳ್ಬೇಕು. ಯಾರ ಮುಖಾನೂ ನೋಡ್ಬಾರ್ದು." ಓರೆ ಪಟ್ಟಿಯನ್ನು ಇನ್ನೊಮ್ಮೆ ಎಳೆದು ನೋಡಿದರು. "ಸರಿ, ನೀವಾದ್ರೂ ಬಂದು ಹೇಳಿದ್ರಲ್ಲ, ಅದಕ್ಕೆ ಭಾನುವಾರ ಬರ್ಲಿ. ಹೇಳಿದ್ದೇ ಲೆಕ್ಕ: ನೂರು, ಇಡಿಯಾಗಿ."

ಟೈಲರಮ್ಮ ಮನೆಗೆ ಬಂದಾಗ ಅವನು ಗೋದಾಮಿನಿಂದ ಬಂದು ಮೇಜಿನ ಮುಂದೆ ಕೂತಿದ್ದ. ಆಕೆ ಪಟ್ಟಿಯನ್ನು ಅವನ ಮುಂದೆ ಎಸೆದಳು.

"ಗೊತ್ತಿತ್ತಾ?"

ಅವನು ಪಟ್ಟಿ ನೋಡಿದ, ಆಕೆಯನ್ನು ನೋಡಿದ. ನಡುವೆ ಮಗಳಿರಲಿಲ್ಲ, ಮಿಷನ್ನೂ ಇರಲಿಲ್ಲ. ಮಾತು ನೇರ ಅವನಿಗೇ ಬಂದಿತ್ತು.

"ಅಲ್ಲೇ ಗೊತ್ತಾಯ್ತು ಅತ್ತೆ. ಟೈರ್ ಹಿಡಿದು ಎಳೆದ ಕೂಡ್ಲೇ."

"ಮತ್ಯಾಕೆ ಬಾಯಿಗೆ ಬೀಗ ಹಾಕ್ಕೊಂಡೆ?"

"ನೀವು ಮೊದಲನೇ ಸಲ ನನಗೋಸ್ಕರ ಅಂತ ಏನೋ ಮಾಡಿದ್ರಿ." ಅವನು ತಲೆ ತಗ್ಗಿಸಿದ. "ಅದೂ ಸರಿಯಿಲ್ಲ ಅಂತ ಹ್ಯಾಗೆ ಹೇಳ್ಲಿ?"

ಟೈಲರಮ್ಮನಿಗೆ ಅಳು ಬಂತು. ಅಳು ಬಂದರೆ ಆಕೆ ಅಳುವವಳಲ್ಲ, ಬೈಯುವವಳು. "ನೀನೇನು ಈ ಮನೆಗೆ ಬಂದಿರೋ ನೆಂಟನಾ? ಉಪ್ಪು ಜಾಸ್ತಿಯಾದ್ರೆ ಚೆನ್ನಾಗಿದೆ, ಪಟ್ಟಿ ಕೆಟ್ರೆ ನನ್ನ ಕೈ ತಪ್ಪು! ಏನಂದ್ಕೊಂಡಿದೀಯ? ಸತ್ಯ ಹೇಳಿದ್ರೆ ಸತ್ತು ಹೋಗ್ತೀನಾ ನಾನು? ಮನೆಯವ್ರ ತಪ್ಪನ್ನ ಮನೆಯವ್ರು ಮುಖಕ್ಕೆ ಹೇಳ್ಬೇಕು ಕಣೋ. ಇನ್ನೊಂದ್ಸಲ ಹೀಗೆ ಮುಚ್ಚಿಟ್ರೆ ನೋಡು, ಟ್ರಕ್ಕಿನ ಜೊತೆ ನಿನ್ನನ್ನೂ ಬೀದಿಗೆ ಹಾಕ್ತೀನಿ."

ಗದ್ದಲಕ್ಕೆ ಎದ್ದು ಬಂದ ಮಗಳು ಬಾಗಿಲಲ್ಲಿ ನಿಂತು ಕಣ್ಣು ಕಣ್ಣು ಬಿಟ್ಟಳು. ಅಮ್ಮ ಇವರಿಗೆ ಬೈಯುತ್ತಿದ್ದಾಳೆ! ಅದೂ ಏಕವಚನದಲ್ಲಿ! ಬೈಸಿಕೊಳ್ಳುತ್ತಿದ್ದವನ ಮುಖ ನೋಡಿದರೆ, ಯಾರೋ ಉಡುಗೊರೆ ಕೊಟ್ಟ ಹಾಗಿತ್ತು.

"ನಿಂತ್ಕೊಂಡು ಏನು ನೋಡ್ತೀಯೇ? ಮೂಲೇಲಿರೋ ಚೂರುಗಳ ಮೂಟೆ ತಗೊಂಡ್ಬಾ" ಅಂದಳು ಟೈಲರಮ್ಮ. ಸುರುಳಿಯಲ್ಲಿ ಬರುವ ಪ್ರತಿ ತಾನಿನ ಬಟ್ಟೆಗೂ ಎರಡು ಪಕ್ಕದಲ್ಲಿ ಒತ್ತಾಗಿ ನೇಯ್ದ ಅಂಚಿರುತ್ತದೆ. ಟೈಲರುಗಳು ಅದನ್ನು ಕತ್ತರಿಸಿ ಎಸೆಯುತ್ತಾರೆ. ಹಿಗ್ಗದ ಬಟ್ಟೆ ಅಂತ ಲೋಕದಲ್ಲಿ ಇದ್ದರೆ ಅದೊಂದೇ. ಮೂಟೆಯಲ್ಲಿ ಹುಡುಕಿ ಕ್ಯಾನ್ವಾಸಿನ ಅಂಚುಗಳನ್ನು ಆರಿಸಿದರು. ಅಗಲದ ಪಟ್ಟಿ ಸುಕ್ಕಾಗುತ್ತದೆ ಅಂತ ಎರಡು ಕಿರುಪಟ್ಟಿಗಳನ್ನು ಒಂದರ ಪಕ್ಕ ಒಂದು ಕೂರಿಸಿದರು. ಅವನು ಮುರಿದ ಕಾಲುಗಳ ಜಾಗಕ್ಕೆ ಬೇರೆ ಕಾಲು ಹಾಕಿದ, ಬೇರೆ ಟೈರು ಹುಡುಕಿ ತಂದ. ಒಂದು ಟೈರಿನಲ್ಲಿ ಪಟ್ಟಿ ಕೂದಲೆಳೆಯಷ್ಟು ಪಕ್ಕಕ್ಕೆ ಸರಿದಾಗ, "ಅತ್ತೆ, ಇದು ಸೊಟ್ಟ ಇದೆ" ಅಂದ. ಅಂದು ಹೆದರಿ ನಿಂತ. "ಸೊಟ್ಟ ಇದ್ರೆ ಕಿತ್ತು ಕೊಡು, ಮುಖ ಏನು ನೋಡ್ತೀಯ?" ಅಂದಳು ಟೈಲರಮ್ಮ. ಶನಿವಾರ ಸಾರಿಗೆ ಉಪ್ಪು ಜಾಸ್ತಿ ಅಂತಲೂ ಅವನು ಹೇಳಿದ. ಉಪ್ಪು ಸರಿಯಾಗಿಯೇ ಇತ್ತು. ಅಭ್ಯಾಸಕ್ಕೆ ಹೇಳಿದ್ದಂತೆ.

ಭಾನುವಾರ ಬೆಳಗ್ಗೆ ಗೋದಾಮುಗಳ ಹಿಂದಿನ ರಸ್ತೆಯಲ್ಲಿ ಗಾಳಿಯೂ ಇರಲಿಲ್ಲ. ಟೈಲರಮ್ಮ ಅಂಗಡಿಗೆ ಬೀಗ ಹಾಕಿ, ಸೂಜಿ ದಾರ ಅಂಟು ಎಲ್ಲ ಇರುವ ಚೀಲ ಹೊತ್ತು ಬಂದಿದ್ದಳು. ಮಗಳು ಪಾಳಿಯಿಂದ ನೇರ ಬಂದು, ಆಕಳಿಸುತ್ತ, ಫೋನು ಹಿಡಿದು ನಿಂತಳು. ಮೀಸೆಯವರು ಬೆಂಕಿಪೊಟ್ಟಣದಷ್ಟು ದೊಡ್ಡ, ವೇಗ ಅಳೆಯುವ ಡಬ್ಬಿಯನ್ನು ಟ್ರಕ್ಕಿನ ಮೈಯೊಳಗೆ ಅಂಟಿಸಿದರು.

ಅವನು ಮೊದಲು ಮೆಲ್ಲಗೆ ಒಂದು ಸಲ ಓಡಿಸಿ ತಂದ, ಮೋಟರು ಬಿಸಿಯಾಗಲಿ ಅಂತ. ಆಮೇಲೆ ದೂರದ ತುದಿಗೆ ಕಳಿಸಿ, ತಿರುಗಿಸಿ ನಿಲ್ಲಿಸಿ, ಟ್ರಿಗರನ್ನು ತುಸುತುಸುವೇ ಎಳೆದ. ಶಬ್ದ ಮೊದಲು ಬಂತು, ಟ್ರಕ್ಕು ಆಮೇಲೆ. ನೆಲಕ್ಕೆ ಹೊಟ್ಟೆ ಅಂಟಿಸಿಕೊಂಡು ಸವತಿ ಅವರ ಮುಂದೆ ಹಾದುಹೋದಾಗ ಟೈಲರಮ್ಮ ಟೈರೊಂದನ್ನೇ ನೋಡುತ್ತಿದ್ದಳು. ಉಬ್ಬಲಿಲ್ಲ. ಟ್ರಿಗರನ್ನು ಅವನು ತಟ್ಟನೆ ಬಿಡಲಿಲ್ಲ, ಮೆಲ್ಲಗೆ ಇಳಿಸಿದ. ಟ್ರಕ್ಕು ದೂರ ಹೋಗಿ, ತಿರುಗಿ, ಕಾಲ ಬಳಿ ಬಂದು ನಿಂತಿತು.

ಮೀಸೆಯವರು ಡಬ್ಬಿ ನೋಡಿದರು. "ತೊಂಬತ್ತೇಳು."

"ಅಯ್ಯೋ" ಅಂದಳು ಮಗಳು.

"ಇನ್ನೊಂದ್ಸಲ ಓಡ್ಸು" ಅಂದರು ಮೀಸೆಯವರು. "ಬ್ಯಾಟರಿ ಇದೆ. ಮೂರು ಕಿಲೋಮೀಟರು ತಾನೆ, ಈ ಸಲ ಪೂರ್ತಿ ಎಳಿ."

ಅವನು ರಿಮೋಟು ಕೆಳಗಿಟ್ಟು, ಕುಕ್ಕರಗಾಲಲ್ಲಿ ಕೂತು, ನಾಲ್ಕು ಟೈರನ್ನೂ ಒತ್ತಿ ನೋಡಿದ. ಮುಂದಿನ ಎಡ ಟೈರಿನ ಮೇಲೆ ಅವನ ಹೆಬ್ಬೆರಳು ನಿಂತಿತು. ಇನ್ನೊಮ್ಮೆ ಒತ್ತಿದ. ಟೈಲರಮ್ಮನಿಗೆ ಅಲ್ಲಿಂದಲೇ ತಿಳಿದುಹೋಯಿತು. ಬಟ್ಟೆಯೊಳಗೆ ಗಾಳಿ ಸೇರಿದರೆ ಬೆರಳು ಹಾಗೇ ನಿಲ್ಲುತ್ತದೆ. ಅವನು ಮುಖ ಎತ್ತಿದ. ಆ ಮುಖದಲ್ಲಿ ಹಳೆಯ ನೆಂಟ ಒಂದು ಕ್ಷಣ ಇಣುಕಿದ್ದನ್ನು ಆಕೆ ಕಂಡಳು. ಸುಮ್ಮನೆ ಎದ್ದು ಓಡಿಸಿಬಿಟ್ಟರೆ ನೂರು ಬಂದರೂ ಬಂದೀತು, ಬೆಂಚು ಸಿಕ್ಕರೂ ಸಿಕ್ಕೀತು.

"ಓಡ್ಸೋ ಹಾಗಿಲ್ಲ" ಅಂದ ಅವನು, ಎಲ್ಲರಿಗೂ ಕೇಳುವ ಹಾಗೆ. "ಈ ಟೈರಲ್ಲಿ ಪಟ್ಟಿ ಒಂದು ಕಡೆ ಎದ್ದಿದೆ. ಅತ್ತೆ, ಇಲ್ಲಿ ಅಂಟು ಕಡಿಮೆ ಹಾಕಿದೀರಿ."

ಮೀಸೆಯವರ ಹುಬ್ಬು ಮೇಲೇರಿತು. "ಎಲಾ ಇವನ! ಅಷ್ಟು ದೊಡ್ಡೋರನ್ನ ಎಲ್ಲರ ಮುಂದೆ ಅಂತಾನಲ್ಲ. ಯಾರು ಅಂದ್ರಮ್ಮ ಇವನು ನಿಮಗೆ?"

"ಅಳಿಯ" ಅಂದಳು ಟೈಲರಮ್ಮ. "ನನ್ನ ಅಳಿಯ. ಅವನು ಹೇಳ್ದೆ ಇನ್ಯಾರು ಹೇಳ್ಬೇಕು?"

ಮಗಳ ಆಕಳಿಕೆ ಅರ್ಧಕ್ಕೇ ನಿಂತಿತು. ಟೈಲರಮ್ಮ ಅತ್ತ ನೋಡಲಿಲ್ಲ. ಚೀಲ ತೆರೆದು ರಸ್ತೆಯ ಮೇಲೆಯೇ ಚಕ್ಕಳಮಕ್ಕಳ ಹಾಕಿ ಕೂತಳು. ಅಳಿಯ ಟೈರು ಬಿಚ್ಚಿ ಒಳಗು ಹೊರಗು ಮಾಡಿ ಹಿಡಿದ, ಅತ್ತೆ ಅಂಟು ಹಾಕಿ, ನಾಲ್ಕು ಹೊಲಿಗೆಯನ್ನೂ ಹಾಕಿದಳು. "ಇಲ್ಲಿ ಇನ್ನೊಂದು ಚೂರು" ಅಂತ ಅವನು, "ಕಂಡಿದೆ, ಸುಮ್ನಿರೋ" ಅಂತ ಆಕೆ. ಅಂಟು ಆರುವ ತನಕ ಮೀಸೆಯವರು ಅತ್ತಿಂದಿತ್ತ ಓಡಾಡಿದರು. ಹೊತ್ತಾಯ್ತು ಅಂತ ಗೊಣಗಿದರು. ಹೋಗಲಿಲ್ಲ ಮಾತ್ರ.

ಎರಡನೆಯ ಸಲ ಸವತಿ ಹಾದುಹೋದಾಗ ಟೈಲರಮ್ಮ ಟೈರು ನೋಡಲಿಲ್ಲ. ಅವನ ಕೈ ನೋಡಿದಳು. ಬೆರಳು ಮಿಷನ್ನಿನ ಪೆಡಲ್ ಮೇಲಿನ ಪಾದದ ಹಾಗೆ, ಅವಸರವಿಲ್ಲದೆ ಒತ್ತಿತು, ಅವಸರವಿಲ್ಲದೆ ಇಳಿಯಿತು. ಟ್ರಕ್ಕು ಬಂದು ಕಾಲ ಬಳಿ ನಿಂತಿತು. ನಾಲ್ಕು ಕಾಲೂ ನೆಟ್ಟಗಿದ್ದವು.

ಮೀಸೆಯವರು ಡಬ್ಬಿಯನ್ನು ಕಣ್ಣಿಗೆ ಹತ್ತಿರ ಹಿಡಿದು ನೋಡಿ, ಅದನ್ನು ವೈಂಡಿಂಗಿನ ಕೈಗೆ ಕೊಟ್ಟರು. ನೂರಾ ಎರಡು ಅಂತಿತ್ತು.

"ನಾಳೆ ಬೆಳಗ್ಗೆ ಬೇಗ ಬಾ" ಅಂದರು. "ಬೆಂಚಿನ ಡ್ರಾಯರ್ ಸಿಕ್ಕಿ ಹಾಕ್ಕೊಳ್ಳುತ್ತೆ, ಮೊದಲು ಅದನ್ನ ಸರಿ ಮಾಡ್ಕೋ." ಹೊರಟವರು ತಿರುಗಿ ನಿಂತು, "ಟೈರ್ ನೋಡಿ ನಿಲ್ಲಿಸ್ದೆಯಲ್ಲ, ಅವಾಗ್ಲೇ ಹೇಳೋಣ ಅಂದ್ಕೊಂಡೆ. ಆದ್ರೂ ನೂರು ನೋಡೋ ಆಸೆ ನಂಗೂ ಇತ್ತು" ಅಂತ ಮೀಸೆಯೊಳಗೇ ನಕ್ಕು ಹೋದರು.

ಅಳಿಯ ಟ್ರಕ್ಕನ್ನು ಎದೆಗೆ ಅವುಚಿಕೊಂಡು ನಿಂತಿದ್ದ. ಅವನ ಕಣ್ಣು ತುಂಬಿತ್ತು. ಟೈಲರಮ್ಮ ಸೂಜಿ ದಾರ ಚೀಲಕ್ಕೆ ತುಂಬುತ್ತ, ಇಲ್ಲದ ಚೂರುಗಳನ್ನು ನೆಲದಲ್ಲಿ ಹುಡುಕುತ್ತಿದ್ದಳು.

ಮಗಳು ಬಂದು ಕಿವಿಯ ಹತ್ತಿರ ಬಾಗಿದಳು. "ಅಮ್ಮಾ, ಏನೋ ಅಂದ್ಯಲ್ಲ ಆಗ? ಅಳಿಯ ಅಂತೇನೋ ಕೇಳ್ಸಿತು. ನಮ್ಮನೇಲಿರೋದು ಮಗಳ ಗಂಡ ಅಲ್ವಾ?"

"ಅಳಿಯ ಅಲ್ಲ ಮಗಳ ಗಂಡ, ಎರಡೂ ಒಂದೇ ಅಂತ ಲೋಕಕ್ಕೆಲ್ಲ ಗೊತ್ತು. ನಿಂಗೊಬ್ಬಳಿಗೆ ಗೊತ್ತಿಲ್ವಾ?" ಅಂದಳು ಟೈಲರಮ್ಮ. ಮೂಗು ಸೊರ ಸೊರ ಅನ್ನುತ್ತಿತ್ತು. ಅಳಿಯನ ಕಡೆ ತಿರುಗಿ, "ಹಸಿವಾಗಿಲ್ವೇನೋ ನಿಂಗೆ? ನಡಿ ಮನೆಗೆ, ಊಟ ಮಾಡೋಣ" ಅಂದಳು.